ಗೇರ್‌ಬಾಕ್ಸಿನ ಎಣ್ಣೆ: ಜಾರಲೂ ಬೇಕು, ಹಿಡಿಯಲೂ ಬೇಕು



ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚುವುದನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಕಾಣದವರು ಮನೆಯ ಹಿರಿಯರನ್ನು ಕೇಳಿ. ಅಲ್ಲಿ ಎಣ್ಣೆಗಿರುವುದು ಒಂದೇ ಕೆಲಸ, ಘರ್ಷಣೆಯನ್ನು ತಗ್ಗಿಸುವುದು. ಹೆಚ್ಚು ಜಾರಿದಷ್ಟೂ ಒಳ್ಳೆಯದು. ಮೋಟಾರು ಕಾರಿನ ಗೇರ್‌ಬಾಕ್ಸಿಗೂ ಇದೇ ನ್ಯಾಯ ಸಲ್ಲುತ್ತದೆಂದು ನೀವು ಭಾವಿಸಿದರೆ ಅದು ಸಹಜವೇ. ಆದರೆ ಕೈಯಿಂದ ಗೇರು ಬದಲಿಸುವ ಸ್ಪೋರ್ಟ್ಸ್ ಕಾರನ್ನು ಮಗುವಿನಂತೆ ನೋಡಿಕೊಂಡವರು, ಅಂಗಡಿಯಲ್ಲಿ ಸಿಕ್ಕ ಅತ್ಯಂತ ದುಬಾರಿ ಎಣ್ಣೆಯನ್ನೇ ತಂದು ಹೊಯ್ದು, ಅಂದಿನಿಂದ ಎರಡನೆಯ ಗೇರು ಕರಕರ ಎನ್ನುವುದನ್ನು ಕೇಳಿ ಪೇಚಾಡಿದ್ದುಂಟು. ಹೀಗೇಕಾಗುತ್ತದೆ? ಉತ್ತರಕ್ಕಾಗಿ ನಾವು ನೂರು ವರ್ಷಕ್ಕೂ ಹಿಂದೆ ಹೋಗಬೇಕು.

1890ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಎಮಿಲ್ ಲೆವಾಸರ್ ತಮ್ಮ ಕಾರಿನಲ್ಲಿ ಜಾರುವ ಹಲ್ಲುಚಕ್ರಗಳ ಗೇರು ವ್ಯವಸ್ಥೆಯನ್ನು ಅಳವಡಿಸಿದರು. ತಿರುಗುತ್ತಿರುವ ಒಂದು ಚಕ್ರವನ್ನು ಮತ್ತೊಂದರ ಹಲ್ಲಿಗೆ ನೂಕುವುದು, ಅಷ್ಟೇ. ಇದು ಒರಟು, ಆದರೂ ನಡೆಯುತ್ತದೆ ಎಂದು ಅವರೇ ಹೇಳಿದರೆಂಬ ಪ್ರತೀತಿಯಿದೆ. ಎರಡು ಚಕ್ರಗಳ ವೇಗ ಹೊಂದದಿದ್ದರೆ ಹಲ್ಲುಗಳು ಕಿರುಚುತ್ತಿದ್ದವು. ಅವನ್ನು ಹೊಂದಿಸಲು ಚಾಲಕ ಒಂದು ಬದಲಾವಣೆಗೆ ಎರಡು ಸಲ ಕ್ಲಚ್ಚು ತುಳಿಯಬೇಕಾಗಿತ್ತು. ಹಳೆಯ ಲಾರಿಗಳನ್ನು ಓಡಿಸಿದವರಿಗೆ ಈ ವಿದ್ಯೆ ಗೊತ್ತು. ಇಂಥ ಪೆಟ್ಟಿಗೆಗೆ ದಪ್ಪ ಎಣ್ಣೆ ಯಾವುದಾದರೂ ಸಾಕಾಗಿತ್ತು. ಎಂಜಿನ್ನಿನ ವಿಷಯದಲ್ಲಿ ಮಾತ್ರ ಆಗಲೇ ಪ್ರಯೋಗಗಳು ನಡೆದಿದ್ದವು. 1909ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ನಮ್ಮ ಹರಳೆಣ್ಣೆಯನ್ನೇ ಬೆರೆಸಿ ತಂದ ಎಣ್ಣೆಗೆ, ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದಲೇ ಕ್ಯಾಸ್ಟ್ರಾಲ್ ಎಂಬ ಹೆಸರು ಬಂದಿತು.

ಚಾಲಕನ ಕಷ್ಟ ನೀಗಿದ್ದು 1928ರಲ್ಲಿ. ಅಮೆರಿಕದ ಅರ್ಲ್ ಥಾಂಪ್ಸನ್ ರೂಪಿಸಿದ ಸಿಂಕ್ರೊಮೆಶ್ ಗೇರ್‌ಬಾಕ್ಸು ಆ ವರ್ಷ ಕ್ಯಾಡಿಲಾಕ್ ಕಾರಿನಲ್ಲಿ ಬಂದಿತು. ಈ ವಿನ್ಯಾಸ ಮುಂದೆ ಸುಧಾರಿಸುತ್ತ ಪಡೆದ ರೂಪವನ್ನು ಸ್ವಲ್ಪ ನಿಧಾನವಾಗಿ ಗಮನಿಸಿ. ಪ್ರತಿ ಗೇರಿನ ಪಕ್ಕದಲ್ಲಿ ಶಂಕುವಿನಾಕಾರದ ಒಂದು ಮೈ ಇರುತ್ತದೆ. ಅದಕ್ಕೆ ಸರಿಯಾಗಿ ಕೂರುವ, ಸಾಮಾನ್ಯವಾಗಿ ಹಿತ್ತಾಳೆಯ, ಒಂದು ಉಂಗುರ. ನೀವು ಗೇರು ಬದಲಿಸುವಾಗ ಈ ಉಂಗುರ ಮೊದಲು ಶಂಕುವನ್ನು ಉಜ್ಜಿ ಹಿಡಿಯುತ್ತದೆ. ಉಜ್ಜಾಟದಿಂದ ಎರಡರ ವೇಗವೂ ಒಂದಾಗುತ್ತದೆ. ಆಮೇಲೆ ಹಲ್ಲುಗಳು ಸದ್ದಿಲ್ಲದೆ ಕೂಡಿಕೊಳ್ಳುತ್ತವೆ. ಉಂಗುರದ ಒಳಮೈಯಲ್ಲಿ ಕೂದಲೆಳೆಯಂಥ ಗೀರುಗಳಿರುತ್ತವೆ. ಅವು ಇರುವುದೇ ಎಣ್ಣೆಯ ಪದರವನ್ನು ಕತ್ತರಿಸಿ ಹೊರದಬ್ಬಲು! ಎಣ್ಣೆಯಲ್ಲಿ ಮುಳುಗಿದ ಪೆಟ್ಟಿಗೆಯೊಳಗೆ ಘರ್ಷಣೆ ಬೇಕೇ ಬೇಕೆನ್ನುವ ಜಾಗ ಇದು. ಎಣ್ಣೆ ಅತಿಯಾಗಿ ಜಾರಿದರೆ ಉಂಗುರಕ್ಕೆ ಹಿಡಿತ ಸಿಗದು.

ಇದೇ ಕಾಲಕ್ಕೆ ಕಾರಿನ ಹಿಂಭಾಗದಲ್ಲಿ ಬೇರೊಂದು ಬದಲಾವಣೆಯಾಯಿತು. 1926ರಲ್ಲಿ ಪ್ಯಾಕಾರ್ಡ್ ಕಂಪನಿ ಹೈಪಾಯ್ಡ್ ಎಂಬ ಹಲ್ಲುಚಕ್ರವನ್ನು ಹಿಂದಿನ ಅಚ್ಚಿನಲ್ಲಿ ತಂದಿತು. ಇದರಲ್ಲಿ ಚಿಕ್ಕ ಚಕ್ರ ದೊಡ್ಡದರ ನಡುಗೆರೆಗಿಂತ ಕೆಳಗೆ ಕೂರುವುದರಿಂದ ಕಾರಿನ ನೆಲವನ್ನು ತಗ್ಗಿಸಬಹುದು. ತಗ್ಗಿನ ಕಾರು ತಿರುವಿನಲ್ಲಿ ಸ್ಥಿರವಾಗಿರುತ್ತದೆ. ಆದರೆ ಇಲ್ಲಿ ಹಲ್ಲುಗಳು ಉರುಳುವುದರ ಜೊತೆಗೆ ಭಾರೀ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ. ಮಾಮೂಲಿ ಎಣ್ಣೆ ಹಿಂಡಿ ಹೊರಬಂದು, ಲೋಹಕ್ಕೆ ಲೋಹ ಬೆಸೆದುಕೊಂಡು ಕಿತ್ತುಬರುತ್ತದೆ. ಇದಕ್ಕೆ ಪರಿಹಾರ ರಸಾಯನಶಾಸ್ತ್ರದಿಂದ ದೊರೆಯಿತು. ಎಣ್ಣೆಗೆ ಗಂಧಕದ, ಮುಂದೆ ರಂಜಕದ ಸಂಯುಕ್ತಗಳನ್ನೂ ಸೇರಿಸಿದರು. ಹಲ್ಲು ಕಾದ ಕಡೆ ಗಂಧಕವು ಕಬ್ಬಿಣದೊಡನೆ ವರ್ತಿಸಿ ತೆಳುವಾದ ಪದರವಾಗುತ್ತದೆ. ಸವೆಯುವುದು ಆ ಪದರ, ಉಕ್ಕಲ್ಲ. ಗೇರ್ ಎಣ್ಣೆಯ ಡಬ್ಬಿ ತೆರೆದಾಗ ಮೂಗಿಗೆ ಬಡಿಯುವ ದುರ್ವಾಸನೆ ಇದರದೇ.

ಗಂಧಕವನ್ನು ಎಣ್ಣೆಯಲ್ಲಿ ಹಿಡಿದಿಡಲು ಬಹುಕಾಲ ಬಳಸಿದ ವಸ್ತು ಯಾವುದು ಬಲ್ಲಿರಾ? ಸ್ಪರ್ಮ್ ತಿಮಿಂಗಿಲದ ಎಣ್ಣೆ. ಅದು ಶಾಖಕ್ಕೆ ಕೆಡುತ್ತಿರಲಿಲ್ಲ, ಲೋಹಕ್ಕೆ ಚೆನ್ನಾಗಿ ಅಂಟುತ್ತಿತ್ತು. ಒಂದು ಕಾರು ನಯವಾಗಿ ಓಡಲು ಸಾಗರದ ದೈತ್ಯಜೀವಿಯೊಂದು ಸಾಯುತ್ತಿತ್ತೆಂದರೆ ನಂಬುವುದು ಕಷ್ಟ. 1970ರಲ್ಲಿ ಅಮೆರಿಕ ಈ ತಿಮಿಂಗಿಲವನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿದ ಮೇಲೆ ಎಣ್ಣೆ ತಯಾರಕರು ಬದಲಿಗಾಗಿ ಪರದಾಡಿದರು. ಮರುಭೂಮಿಯ ಗಿಡ ಹೊಹೋಬದ ಬೀಜದ ಎಣ್ಣೆ ರಚನೆಯಲ್ಲಿ ಅದನ್ನೇ ಹೋಲುತ್ತದೆಂದು ಅದಕ್ಕೂ ಬೇಡಿಕೆ ಬಂದಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಗೇರ್ ಎಣ್ಣೆಗಳನ್ನು ವಿಂಗಡಿಸಿ ಜಿ.ಎಲ್. ಎಂಬ ಅಕ್ಷರಗಳ ಮುಂದೆ ಅಂಕಿ ಕೊಟ್ಟಿದೆ. ಜಿ.ಎಲ್.-5 ಹೈಪಾಯ್ಡ್ ಅಚ್ಚಿಗಾಗಿ ಹುಟ್ಟಿದ್ದು. ಅದರಲ್ಲಿ ಗಂಧಕ-ರಂಜಕದ ಪ್ರಮಾಣ ಜಿ.ಎಲ್.-4ರ ಸುಮಾರು ಎರಡರಷ್ಟು. ಐದು ನಾಲ್ಕಕ್ಕಿಂತ ದೊಡ್ಡದು, ಆದ್ದರಿಂದ ಉತ್ತಮ ಎಂಬ ತರ್ಕ ಇಲ್ಲಿ ಸಲ್ಲದು. ಗಂಧಕಕ್ಕೆ ತಾಮ್ರವೆಂದರೆ ಬಲು ಆಸೆ, ಹಿತ್ತಾಳೆಯಲ್ಲಿರುವುದು ಹೆಚ್ಚಾಗಿ ತಾಮ್ರವೇ. ಇಂದಿನ ಎಷ್ಟೋ ಎಣ್ಣೆಗಳಲ್ಲಿ ತಾಮ್ರವನ್ನು ಕಾಯುವ ರಾಸಾಯನಿಕಗಳಿವೆ, ನಿಜ. ಆದರೂ ಉಂಗುರ ಜಾರುವ ತೊಂದರೆ ಉಳಿದೇ ಇದೆ. ನನ್ನ ಮಟ್ಟಿಗೆ ಹೆಚ್ಚಿನ ಅಪಾಯ ಅದೇ.

1962ರಲ್ಲಿ ಬಂದ ಬ್ರಿಟನ್ನಿನ ಎಂ.ಜಿ.ಬಿ. ಕಾರನ್ನು ನೋಡಿ. ಅದರ ಕೈಪಿಡಿ ಗೇರ್‌ಬಾಕ್ಸಿಗೆ ಎಂಜಿನ್ ಎಣ್ಣೆಯನ್ನೇ ಹೇಳಿತು, ಹೈಪಾಯ್ಡ್ ಎಣ್ಣೆಯನ್ನು ಹಿಂದಿನ ಅಚ್ಚಿಗೆ ಮೀಸಲಿಟ್ಟಿತು. ಪೋರ್ಷೆ 911ರಲ್ಲಿ ಹೀಗೆ ಬೇರ್ಪಡಿಸುವಂತಿಲ್ಲ. ಗೇರುಗಳೂ ಅಚ್ಚಿನ ಚಕ್ರಗಳೂ ಒಂದೇ ಕವಚದಲ್ಲಿ ಒಂದೇ ಎಣ್ಣೆಯನ್ನು ಹಂಚಿಕೊಳ್ಳುತ್ತವೆ. ಇಬ್ಬರು ಅತಿಥಿಗಳಿಗೆ ಒಂದೇ ಅಡುಗೆ! 1989ರ ಮಜ್ದಾ ಎಂ.ಎಕ್ಸ್.-5ರ ತಯಾರಕರು ಗೇರ್‌ಬಾಕ್ಸಿಗೆ 4 ಅಥವಾ 5 ಎರಡೂ ಆಗಬಹುದೆಂದರು. ಪ್ರತಿ ಕಾರಿನದೂ ಬೇರೆ ಕಥೆ.

ದಪ್ಪದ ಅಂಕಿಯ ಬಗ್ಗೆಯೂ ಒಂದು ಮಾತು. 75ಡಬ್ಲ್ಯು-90 ಎಂಬಲ್ಲಿ ಮೊದಲನೆಯದು ಚಳಿಯಲ್ಲಿನ ಹರಿವನ್ನೂ ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿನ ದಪ್ಪವನ್ನೂ ಸೂಚಿಸುತ್ತದೆ. ಗೇರ್ ಎಣ್ಣೆಯ 90, ಎಂಜಿನ್ ಎಣ್ಣೆಯ 40ರ ಎರಡರಷ್ಟು ದಪ್ಪವೆಂದು ತಿಳಿಯಬೇಡಿ. ಎರಡರ ಅಳತೆಗೋಲೇ ಬೇರೆ. ಕಾದಾಗ ಅವು ಹೆಚ್ಚುಕಡಿಮೆ ಅಕ್ಕಪಕ್ಕದವು.

ಕಾರಿನ ಕೈಪಿಡಿಯನ್ನು ತೆರೆದು, ಗೇರ್‌ಬಾಕ್ಸಿಗೆ ಒಂದು, ಅಚ್ಚಿಗೆ ಇನ್ನೊಂದು ಎಂದು ಬರೆದಿದೆಯೇ ನೋಡಿಕೊಳ್ಳಿ. ಹಳೆಯ ಎಣ್ಣೆಯನ್ನು ಇಳಿಸುವ ಮುನ್ನ ಮೇಲಿನ, ಎಣ್ಣೆ ತುಂಬುವ ತಿರುಪನ್ನು ಮೊದಲು ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಪೆಟ್ಟಿಗೆ ಬರಿದಾದ ಮೇಲೆ ಮೇಲಿನದು ತುಕ್ಕು ಹಿಡಿದು ಕೂತಿದೆಯೆಂದು ತಿಳಿದರೆ, ಕಾರನ್ನು ಗ್ಯಾರೇಜಿಗೆ ಎಳೆಸಿಕೊಂಡು ಹೋಗದೆ ಗತ್ಯಂತರವಿಲ್ಲ.