ಬಲ್ಕ್ ಮಿಲ್ಕ್ ಕೂಲರ್‌ಗಳಲ್ಲಿ ಗ್ಯಾಸ್ ದೋಷದ ಪತ್ತೆ: ಹಾಲು ಉತ್ಪಾದಕರ ಸಹಕಾರ ಸಂಘಗಳಿಗೆ ಮಾಹಿತಿ

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಶಿವಮೊಗ್ಗ ಹಾಲು ಒಕ್ಕೂಟದ ವ್ಯಾಪ್ತಿಗೆ ಒಳಪಟ್ಟಿವೆ. ವರದಹಳ್ಳಿಯಂತಹ ಮಲೆನಾಡಿನ ಗ್ರಾಮಗಳಿಗೆ ಡೇರಿ ದೂರವಿರುವುದರಿಂದ, ಹಾಲನ್ನು ಸಮೀಪದಲ್ಲಿಯೇ ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸುವುದು ಅವಶ್ಯಕ. ಕೂಲರ್ ಕೆಟ್ಟಲ್ಲಿ ಹಾಲು ಕೆಲವೇ ಗಂಟೆಗಳಲ್ಲಿ ಹುಳಿಯಾಗಿ, ಸಂಘದ ಅನೇಕ ಕುಟುಂಬಗಳಿಗೆ ನಷ್ಟವಾಗುತ್ತದೆ.

ಕಾರ್ಯವಿಧಾನ:
ಕೂಲರ್‌ನ ಗ್ಯಾಸ್ ಹಾಲಿನ ಶಾಖವನ್ನು ಹೀರಿ, ಕಂಡೆನ್ಸರ್ ಮೂಲಕ ಹೊರಗಿನ ಗಾಳಿಗೆ ಬಿಡುತ್ತದೆ. ಮುಚ್ಚಿದ ಕೊಳವೆಯಲ್ಲಿ ಸುತ್ತುವ ಈ ಗ್ಯಾಸ್ ಇಂಧನದಂತೆ ಖರ್ಚಾಗುವುದಿಲ್ಲ. ಕಡಿಮೆಯಾಗಿದ್ದಲ್ಲಿ ಅದು ಸೋರಿದೆ ಎಂದೇ ಅರ್ಥ.

ಮೊದಲು ಪರಿಶೀಲಿಸಬೇಕಾದವು:
1. ವಿದ್ಯುತ್ ವೋಲ್ಟೇಜ್.
2. ಕಂಡೆನ್ಸರ್‌ನಲ್ಲಿ ಧೂಳು, ಕಸ. ಫ್ಯಾನ್ ತಿರುಗುತ್ತಿದೆಯೇ ಎಂಬುದು.
3. ಹಾಲು ಕಲಕುವ ಮೋಟಾರು.

ತಂತ್ರಜ್ಞರು ಗಮನಿಸುವ ಲಕ್ಷಣಗಳು:
1. ಗ್ಯಾಸ್ ಸೋರಿಕೆ: ಎರಡೂ ಬದಿಯ ಒತ್ತಡ ಕಡಿಮೆ, ಕಂಪ್ರೆಸರ್ ನಿಲ್ಲದೆ ಓಡುವುದು, ಗಾಜಿನ ಕಿಂಡಿಯಲ್ಲಿ ಗುಳ್ಳೆ, ಕೊಳವೆಯ ಜೋಡಣೆಯಲ್ಲಿ ಎಣ್ಣೆಯ ಕಲೆ.
2. ಕೊಳಕು ಕಂಡೆನ್ಸರ್: ಅಧಿಕ ಒತ್ತಡದಿಂದ ಯಂತ್ರ ಪದೇಪದೇ ನಿಲ್ಲುವುದು.
3. ಫಿಲ್ಟರ್ ಕಟ್ಟಿಕೊಂಡಿರುವುದು: ಫಿಲ್ಟರ್‌ನ ಮುಂದಿನ ಕೊಳವೆ ಹಿಂದಿನದಕ್ಕಿಂತ ಸ್ಪಷ್ಟವಾಗಿ ತಣ್ಣಗಿರುವುದು.
4. ಗ್ಯಾಸ್ ಹೆಚ್ಚಾಗಿರುವುದು: ಕಂಡೆನ್ಸರ್ ಸ್ವಚ್ಛವಿದ್ದರೂ ಒತ್ತಡ ಅಧಿಕ.

ಒಂದೇ ಲಕ್ಷಣದಿಂದ ತೀರ್ಮಾನಕ್ಕೆ ಬರತಕ್ಕದ್ದಲ್ಲ. ಫಿಲ್ಟರ್ ಕಟ್ಟಿಕೊಂಡಾಗಲೂ ಕಂಪ್ರೆಸರ್‌ಗೆ ಮರಳುವ ಬದಿಯ ಒತ್ತಡ ಇಳಿಯುತ್ತದೆ; ಆಗ ಗ್ಯಾಸ್ ತುಂಬಿದಲ್ಲಿ ದೋಷ ಹೆಚ್ಚಾಗುತ್ತದೆ.

ದುರಸ್ತಿ ಕ್ರಮ:
ಒಣ ಸಾರಜನಕದ ಒತ್ತಡ ನೀಡಿ, ಸಾಬೂನು ನೀರಿನಿಂದ ಸೋರಿಕೆ ಗುರುತಿಸಿ ಮುಚ್ಚಬೇಕು. ಆಮ್ಲಜನಕ ಬಳಸಿದಲ್ಲಿ ಸ್ಫೋಟದ ಅಪಾಯವಿದೆ. ನಂತರ ನಿರ್ವಾತಗೊಳಿಸಿ, ಯಂತ್ರದ ಫಲಕದಲ್ಲಿ ನಮೂದಿಸಿದ ಗ್ಯಾಸನ್ನೇ ತೂಕ ಮಾಡಿ ತುಂಬತಕ್ಕದ್ದು. ಸೋರಿಕೆ ಮುಚ್ಚದೆ ತುಂಬಿದ ಗ್ಯಾಸ್ ಪುನಃ ಹೊರಹೋಗುತ್ತದೆ. ಆರ್-22 ಗ್ಯಾಸ್ ಓಜೋನ್ ಪದರಕ್ಕೆ ಹಾನಿಕಾರಕವಾದುದರಿಂದ 1987ರ ಮಾಂಟ್ರಿಯಲ್ ಒಪ್ಪಂದದನ್ವಯ ಅದರ ಬಳಕೆಯನ್ನು ಹಂತಹಂತವಾಗಿ ಕೈಬಿಡಲಾಗುತ್ತಿದೆ. ಆರ್-404ಎ ಓಜೋನ್‌ಗೆ ಹಾನಿ ಮಾಡದಿದ್ದರೂ, ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 3,900 ಪಟ್ಟು ಹೆಚ್ಚು ಭೂಮಿಯನ್ನು ಬಿಸಿ ಮಾಡುತ್ತದೆ.

ದುರಸ್ತಿ ಕೋರುವ ಮನವಿಯಲ್ಲಿ ನಮೂದಿಸಬೇಕಾದ ವಿವರಗಳು:
ಗ್ಯಾಸಿನ ಹೆಸರು, ಹಿಂದೆ ಗ್ಯಾಸ್ ತುಂಬಿದ ದಿನಾಂಕ ಹಾಗೂ ಪ್ರಮಾಣ, ಹಾಲು ತಂಪಾಗಲು ತಗಲುತ್ತಿರುವ ಸಮಯ ಮತ್ತು ವೋಲ್ಟೇಜ್. ಈ ವಿವರಗಳನ್ನು ಪ್ರತಿದಿನ ದಾಖಲಿಸುವ ಸಂಘಗಳಿಗೆ, ಹಾಲು ಕೆಡುವ ಮೊದಲೇ ದೋಷದ ಸುಳಿವು ದೊರೆಯುತ್ತದೆ.