ವೇಲಚೇರಿಯಿಂದ ನೋಡಿದ ನೆದರ್‌ಲ್ಯಾಂಡ್ಸ್

ನೆದರ್‌ಲ್ಯಾಂಡ್ಸ್ ದೇಶದ ಒಟ್ಟು ವಿಸ್ತೀರ್ಣ ನಮ್ಮ ಕರ್ನಾಟಕದ ಐದನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಅಷ್ಟರಲ್ಲಿ ಸುಮಾರು ಶೇ 26ರಷ್ಟು ನೆಲ ಸಮುದ್ರಮಟ್ಟಕ್ಕಿಂತ ಕೆಳಗಿದೆ. ರಾಟರ್‌ಡ್ಯಾಮ್ ಬಳಿಯ ಒಂದು ತಗ್ಗಂತೂ ಆರೂವರೆ ಮೀಟರಿಗೂ ಹೆಚ್ಚು ಕೆಳಗೆ. ಮುಂದೆ ಉತ್ತರ ಸಮುದ್ರ. ಹಿಂದಿನಿಂದ ರೈನ್, ಮ್ಯೂಸ್, ಶೆಲ್ಟ್ ನದಿಗಳು ಅರ್ಧ ಯುರೋಪಿನ ಮಳೆ ಹೊತ್ತು ತಂದು ಅಲ್ಲೇ ಸುರಿಯುತ್ತವೆ. ಚೆನ್ನೈನ ವೇಲಚೇರಿಯಲ್ಲಿ ಮನೆ ಮಾಡಿಕೊಂಡವರಿಗೆ ಈ ಚಿತ್ರ ಹೊಸದಲ್ಲ. ದಕ್ಷಿಣ ಚೆನ್ನೈನ ಹತ್ತಾರು ಕೆರೆಗಳು ಕೋಡಿ ಬಿದ್ದ ನೀರು ನಮ್ಮ ಸುತ್ತಿನಿಂದಲೇ ಪಳ್ಳಿಕರಣೈ ಜೌಗಿಗೆ ಇಳಿದು, ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಮ್ ಕಾಲುವೆ ಸೇರಿ, ಕೋವಳಂ ಅಳಿವೆಯಲ್ಲಿ ಕಡಲು ಕಾಣಬೇಕು. ತಗ್ಗಿನಲ್ಲಿ ಬಾಳುವ ವಿದ್ಯೆಯನ್ನು ಡಚ್ಚರು ಎರಡೂವರೆ ಸಾವಿರ ವರ್ಷ ಹೇಗೆ ಕಲಿತರು ಎಂಬುದು ಆದ್ದರಿಂದ ನಮಗೆ ಬೇಕಾದ ಕಥೆ.

ಮೊದಮೊದಲು ಅವರು ನೀರಿನ ಜೊತೆ ಜಗಳಕ್ಕೆ ಹೋಗಲಿಲ್ಲ. ಕ್ರಿಸ್ತಪೂರ್ವ 500ರ ಸುಮಾರಿನಿಂದ ಉತ್ತರದ ಫ್ರೀಸ್‌ಲ್ಯಾಂಡ್, ಗ್ರೋನಿಂಗನ್ ಕರಾವಳಿಯ ಜನ ಮಣ್ಣು, ಸಗಣಿ, ಕಸ ಒಟ್ಟಿ ದಿಬ್ಬ ಎಬ್ಬಿಸಿ ಅದರ ಮೇಲೆ ಮನೆ ಕಟ್ಟಿದರು. ಭರತ ಬಂದಾಗ ಊರು ದ್ವೀಪವಾಗುತ್ತಿತ್ತು, ಇಳಿದಾಗ ದನ ಮೇಯುತ್ತಿದ್ದವು. ಸುಮಾರು ಸಾವಿರ ವರ್ಷದ ಹಿಂದೆ ಒಡ್ಡು ಕಟ್ಟುವುದೂ ಜೌಗಿನ ನೀರು ಬಸಿದು ಉಳುವುದೂ ಶುರುವಾಯಿತು. ಕಷ್ಟ ಹುಟ್ಟಿದ್ದು ಇಲ್ಲೇ. ಅಲ್ಲಿನ ಜೌಗು ಕೊಳೆತ ಸಸ್ಯದ ಕರಿಮಣ್ಣು. ನೀರು ಬಸಿದಷ್ಟೂ ಅದು ಕುಗ್ಗಿ ಕುಸಿಯುತ್ತದೆ, ಕುಸಿದಷ್ಟೂ ಇನ್ನಷ್ಟು ಬಸಿಯಬೇಕಾಗುತ್ತದೆ. ಆ ದೇಶದ ತಗ್ಗಿನಲ್ಲಿ ದೊಡ್ಡ ಪಾಲು ಹೀಗೆ ಮನುಷ್ಯರ ಕೈಯಿಂದಲೇ ಆದದ್ದು.

ಒಡ್ಡು ಕಟ್ಟುವುದಕ್ಕಿಂತ ಅದನ್ನು ಕಾಯುವುದು ಕಷ್ಟ. ಒಬ್ಬನ ಹೊಲದ ಮುಂದಿನ ಒಡ್ಡು ಸಡಿಲವಾದರೆ ಊರೆಲ್ಲ ಮುಳುಗುತ್ತದೆ. ಹಾಗಾಗಿ 13ನೇ ಶತಮಾನದಲ್ಲಿ ನೀರಿನ ಮಂಡಳಿಗಳು ಹುಟ್ಟಿಕೊಂಡವು. ಲೈಡನ್ ಸುತ್ತಲಿನ ರೈನ್‌ಲ್ಯಾಂಡ್ ಮಂಡಳಿಗೆ 1255ರಲ್ಲಿ ಸನ್ನದು ಸಿಕ್ಕಿತು. ಪ್ರತಿ ರೈತನಿಗೂ ಒಡ್ಡಿನ ಒಂದೊಂದು ತುಂಡು ಪಾಲಿಗೆ ಬರುತ್ತಿತ್ತು, ಮಂಡಳಿಯವರು ನಡೆದು ಬಂದು ತಪಾಸಣೆ ಮಾಡುತ್ತಿದ್ದರು. ತನ್ನ ಪಾಲನ್ನು ದುರಸ್ತಿಯಲ್ಲಿ ಇಡಲಾಗದವನು ಒಡ್ಡಿನ ಮೇಲೆ ತನ್ನ ಸಲಿಕೆಯನ್ನು ನೆಟ್ಟು ಹೊರಡಬೇಕು. ಅದನ್ನು ಕಿತ್ತವನಿಗೆ ಒಡ್ಡಿನ ಹೊಣೆಯೂ ಹೊಲವೂ ಎರಡೂ ಸೇರುತ್ತಿದ್ದವು. ಇಷ್ಟು ನಿಷ್ಠುರವಾದ ಕಟ್ಟಳೆ ನಡೆದದ್ದು ಎಲ್ಲರ ತಲೆಯ ಮೇಲೂ ಒಂದೇ ನೀರು ನಿಂತಿದ್ದರಿಂದ. ಸ್ಪೇನಿನಿಂದ ಬಿಡುಗಡೆಗಾಗಿ 1568ರಿಂದ 1648ರವರೆಗೆ ಹೋರಾಡಿ ದೇಶವಾಗುವುದಕ್ಕೆ ಮೂರು ಶತಮಾನ ಮೊದಲೇ ಆ ಜನಕ್ಕೆ ಈ ಮಂಡಳಿಗಳಿದ್ದವು. ಇಂದು ವಿಲೀನವಾಗುತ್ತಾ 21 ಉಳಿದಿವೆ. ಅವಕ್ಕೆ ತಮ್ಮದೇ ತೆರಿಗೆ, ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಡಚ್ ಚರಿತ್ರೆಯೆಂದರೆ ಗಾಳಿಗಿರಣಿ, ಟ್ಯುಲಿಪ್ ಎನ್ನುವವರಿದ್ದಾರೆ; ನನಗೆ ಅದರ ಬೆನ್ನೆಲುಬು ಈ ಮಂಡಳಿ.

ಮುಂದಿನದು ಯಂತ್ರಗಳ ಕಾಲ. ಗಾಳಿಗಿರಣಿಗಳನ್ನು ಸಾಲಾಗಿ ನಿಲ್ಲಿಸಿ 1612ರಲ್ಲಿ ಬೇಮ್‌ಸ್ಟರ್ ಸರೋವರವನ್ನು ಒಣಗಿಸಿ ಹೊಲ ಮಾಡಿದರು. ಹಬೆಯ ಪಂಪು ಬಂದ ಮೇಲೆ 1852ರಲ್ಲಿ ಹಾರ್ಲೆಮರ್‌ಮೇರ್ ಬರಿದಾಯಿತು. ಆಮ್‌ಸ್ಟರ್‌ಡ್ಯಾಮಿನ ವಿಮಾನ ನಿಲ್ದಾಣ ಇರುವುದು ಆ ಸರೋವರದ ತಳದಲ್ಲಿ. 1932ರಲ್ಲಿ ಎಂಜಿನಿಯರ್ ಕಾರ್ನೆಲಿಸ್ ಲೆಲಿಯ ಯೋಜನೆಯಂತೆ 32 ಕಿಲೋಮೀಟರ್ ಉದ್ದದ ಒಡ್ಡು ಹಾಕಿ ಕಡಲಿನ ಒಂದು ಕೊಲ್ಲಿಯನ್ನೇ ಸಿಹಿನೀರಿನ ಕೆರೆ ಮಾಡಿದರು.

ಆ ಆತ್ಮವಿಶ್ವಾಸದ ಮೇಲೆ 1953ರ ಫೆಬ್ರುವರಿ 1ರ ನಸುಕಿನಲ್ಲಿ ಕಡಲು ಏರಿತು. ಬಿರುಗಾಳಿಯೂ ಭಾರಿ ಭರತವೂ ಕೂಡಿ ಬಂದು ನೈಋತ್ಯದ ಒಡ್ಡುಗಳು ಒಡೆದವು. 1,836 ಜನ ಸತ್ತರು. ಉತ್ತರವಾಗಿ ಅಲ್ಲಿನ ಹೆಚ್ಚಿನ ಅಳಿವೆಗಳನ್ನು ಮುಚ್ಚುವ ಡೆಲ್ಟಾ ಕಾಮಗಾರಿ ಆರಂಭವಾಯಿತು. ಪೂರ್ವ ಶೆಲ್ಟ್ ಅಳಿವೆಯನ್ನೂ ಪೂರ್ತಿ ಕಟ್ಟಿಬಿಡುವುದಿತ್ತು. ಅಲ್ಲಿನ ಮೀನುಗಾರರೂ ಪರಿಸರದವರೂ ಎದುರು ನಿಂತರು: ಉಪ್ಪುನೀರು ನಿಂತರೆ ಕಪ್ಪೆಚಿಪ್ಪೂ ಹೋಯಿತು, ಬದುಕೂ ಹೋಯಿತು. ಸರ್ಕಾರ ನಕ್ಷೆ ಬದಲಿಸಿತು. 1986ರಲ್ಲಿ ಮುಗಿದ 9 ಕಿಲೋಮೀಟರ್ ತಡೆಯಲ್ಲಿ 62 ಬಾಗಿಲುಗಳಿವೆ; ದಿನವೂ ತೆರೆದಿರುತ್ತವೆ, ಬಿರುಗಾಳಿಗೆ ಮಾತ್ರ ಮುಚ್ಚುತ್ತವೆ. ಇಡೀ ಚರಿತ್ರೆ ಹೊರಳಿಕೊಂಡದ್ದು ಇಲ್ಲಿ ಎಂದೇ ನನ್ನ ಅಭಿಪ್ರಾಯ. 1995ರಲ್ಲಿ ನದಿಗಳು ಉಕ್ಕಿ ಸುಮಾರು ಎರಡೂವರೆ ಲಕ್ಷ ಜನರನ್ನು ಊರು ಬಿಡಿಸಬೇಕಾದಾಗ ಒಡ್ಡನ್ನು ಇನ್ನೂ ಎತ್ತರಿಸುವುದನ್ನೇ ನೆಚ್ಚಿಕೊಳ್ಳದೆ ನದಿಗೆ ಜಾಗ ಬಿಡುವ ಯೋಜನೆ ಹಾಕಿದರು. ನೈಮೇಗನ್ ನಗರದೆದುರು ಒಡ್ಡನ್ನು 350 ಮೀಟರ್ ಹಿಂದಕ್ಕೆ ಸರಿಸಿದರು, ಮನೆಗಳನ್ನೂ ಎಬ್ಬಿಸಿದರು. ಓವರ್‌ಡೀಪ್ ಎಂಬಲ್ಲಿ ಒಡ್ಡನ್ನು ತಗ್ಗಿಸಿ ಪ್ರವಾಹಕ್ಕೆ ಹೊಲ ಬಿಟ್ಟುಕೊಟ್ಟರು. ರೈತರಿಗೆ ಎತ್ತರದ ದಿಬ್ಬಗಳ ಮೇಲೆ ಮನೆ, ಕೊಟ್ಟಿಗೆ ಎದ್ದವು.

ಡಚ್ಚರು ನಮ್ಮ ಕರಾವಳಿಗೆ ಬಂದದ್ದು ನೀರಿನ ವಿದ್ಯೆ ಕಲಿಸಲಿಕ್ಕಲ್ಲ, ಬಟ್ಟೆಯ ವ್ಯಾಪಾರಕ್ಕೆ. ಚೆನ್ನೈನ ಉತ್ತರಕ್ಕೆ ಪುಲಿಕಾಟ್‌ನಲ್ಲಿ 17ನೇ ಶತಮಾನದ ಆರಂಭದಲ್ಲಿ ಅವರು ಗೆಲ್ಡ್ರಿಯಾ ಕೋಟೆ ಕಟ್ಟಿದರು. ದಕ್ಷಿಣದ ಸದ್ರಾಸ್‌ನಲ್ಲಿ ಅವರ ಗೋರಿಗಳು ಇನ್ನೂ ಇವೆ. ನೀರಿನ ವಿದ್ಯೆಗೆ ಈ ಸೀಮೆ ಯಾರಿಗೂ ಕಾಯಬೇಕಿರಲಿಲ್ಲ. ಕಾಂಚೀಪುರಂ ಕಡೆಯ ಉತ್ತರಮೇರೂರಿನ ದೇವಸ್ಥಾನದ ಗೋಡೆಯಲ್ಲಿ, 920ರ ಆಸುಪಾಸಿನ ಚೋಳ ಪರಾಂತಕನ ಕಾಲದ ಶಾಸನಗಳು ಕೆರೆಯ ಸಮಿತಿಯನ್ನು ಆರಿಸುವ ಕ್ರಮವನ್ನು ಹೇಳುತ್ತವೆ: ಹೆಸರು ಬರೆದ ಓಲೆಗಳನ್ನು ಮಡಕೆಗೆ ಹಾಕಿ ಚೀಟಿ ಎತ್ತುವುದು, ಒಂದೇ ವರ್ಷದ ಅವಧಿ, ಲೆಕ್ಕ ಒಪ್ಪಿಸದವನಿಗೂ ಅವನ ನೆಂಟರಿಗೂ ಅವಕಾಶವಿಲ್ಲ. ರೈನ್‌ಲ್ಯಾಂಡಿನ ಸನ್ನದಿಗಿಂತ ಇದು ಮುನ್ನೂರು ವರ್ಷ ಹಳೆಯದು. ನಮ್ಮ ಕೋಲಾರದ ಕಡೆ ತೂಬು ತೆಗೆದು ಸರದಿಯ ಮೇಲೆ ನೀರು ಹಂಚುತ್ತಿದ್ದ ನೀರಗಂಟಿಯೂ ಇದೇ ಬಳಗದವನು. ಬ್ರಿಟಿಷರ ಕಾಲದಲ್ಲಿ ಕೆರೆಗಳು ಸರ್ಕಾರಿ ಇಲಾಖೆಯ ಪಾಲಾದವು, ಊರಿನ ಕೈ ಸಡಿಲಾಯಿತು. ಗದ್ದೆ ಹೋಗಿ ಬಡಾವಣೆ ಬಂದ ಮೇಲೆ ಕೆರೆ ಯಾರಿಗೂ ಬೇಡವಾಯಿತು.

2015ರ ಡಿಸೆಂಬರ್ 1ರಂದು ತಾಂಬರಂನಲ್ಲಿ ಒಂದೇ ದಿನ 49 ಸೆಂಟಿಮೀಟರ್ ಮಳೆ ಸುರಿದು ಆ ನೀರು ತಗ್ಗು ಹುಡುಕಿಕೊಂಡು ಬಂದಾಗ ವೇಲಚೇರಿಯಲ್ಲಿ ಕೆಳಮಹಡಿಗಳು ಮುಳುಗಿದವು, ದೋಣಿಗಳು ರಸ್ತೆಗಿಳಿದವು. 2023ರ ಮಿಚಾಂಗ್ ಚಂಡಮಾರುತದಲ್ಲೂ ಅದೇ ಪಾಡು. ಈಗ ಹವಾಮಾನ ಇಲಾಖೆಯ ಎಚ್ಚರಿಕೆ ಬಂದರೆ ಸಾಕು, ಜನ ಕಾರುಗಳನ್ನು ತಂದು ಫ್ಲೈಓವರಿನ ಮೇಲೆ ಒಂದರ ಹಿಂದೊಂದು ನಿಲ್ಲಿಸುತ್ತಾರೆ. ನಾವು ಕಟ್ಟಿಕೊಂಡ ದಿಬ್ಬ ಅದೊಂದೇ. ಈ ಎರಡು ನೆರೆಗಳ ಮಧ್ಯೆ 2019ರಲ್ಲಿ ಇದೇ ನಗರಕ್ಕೆ ಜೋಲಾರ್‌ಪೇಟೆಯಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು.

2018ರಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರದ ನೀರಿನ ಯೋಜನೆಯೊಂದು ಏಷ್ಯಾದ ಮೂರು ನಗರಗಳ ಜೊತೆ ಕೆಲಸಕ್ಕಿಳಿಯಿತು. ಅವುಗಳಲ್ಲಿ ಚೆನ್ನೈ ಒಂದು. ಅದರಡಿ ಹುಟ್ಟಿದ 'ಸಾವಿರ ಕೆರೆಗಳ ನಗರ' ಎಂಬ ಯೋಜನೆ ದೊಡ್ಡ ಗೋಡೆಗಳ ಮಾತಾಡಲಿಲ್ಲ. ಮಳೆನೀರನ್ನು ಬಿದ್ದಲ್ಲೇ ಹಿಡಿ, ಬಳಸಿದ ನೀರನ್ನು ಗಿಡಗಳ ಬೇರಿನಲ್ಲಿ ಸೋಸಿ ನೆಲಕ್ಕಿಳಿಸು ಎಂದಿತು. ಲಿಟಲ್ ಫ್ಲವರ್ ಕಾನ್ವೆಂಟ್ ಶಾಲೆಯ ಆವರಣದಲ್ಲಿ ಅದರ ಮಾದರಿಯೊಂದನ್ನು ಮಾಡಿದ್ದಾರೆ. 2022ರಲ್ಲಿ ಪಳ್ಳಿಕರಣೈಗೆ ಅಂತರರಾಷ್ಟ್ರೀಯ ಮಹತ್ವದ ಜೌಗು ಎಂಬ ರಾಮ್‌ಸರ್ ಮಾನ್ಯತೆ ಬಂತು. ಎರಡೂ ಒಳ್ಳೆಯವು, ಆದರೆ ಸಾಲವು. ವೇಲಚೇರಿಯಲ್ಲಿ ಕೆರೆಯನ್ನು ನೋಡಿಕೊಳ್ಳುವುದು ಜಲಸಂಪನ್ಮೂಲ ಇಲಾಖೆ, ಚರಂಡಿಯನ್ನು ಮಹಾನಗರ ಪಾಲಿಕೆ, ಜೌಗನ್ನು ಅರಣ್ಯ ಇಲಾಖೆ. ನೀರು ಮೂರೂ ಕಡೆ ಹರಿಯುವುದು ಒಂದೇ. ತಾಂಬರಂನ ಕೆರೆಗಳಿಂದ ಕೋವಳಂ ಅಳಿವೆಯವರೆಗಿನ ಈ ಹರಿವಿಗೆ ಒಂದೇ ಮಂಡಳಿ ಬೇಕು: ಇಲ್ಲಿ ಮನೆ ಮಾಡಿರುವವರು ಮತ ಹಾಕಿ ಆರಿಸಿದ್ದು, ನಮ್ಮಿಂದಲೇ ತೆರಿಗೆ ಎತ್ತಿ ನಮಗೇ ಲೆಕ್ಕ ಒಪ್ಪಿಸುವುದು, ಕೋಡಿಯ ದಾರಿಯಲ್ಲಿ ಕಟ್ಟಡದ ನಕ್ಷೆ ಬಂದರೆ ಆಗದು ಎನ್ನುವ ಅಧಿಕಾರ ಉಳ್ಳದ್ದು. ಆ ತೆರಿಗೆಯನ್ನು ಕಟ್ಟಲು ನಾನು ತಯಾರಿದ್ದೇನೆ.