ಊರಿನವರೇ ಊರಿನ ಕಾರ್ಯಕರ್ತರು



ಬೆಳ್ಳಿಹಬ್ಬದ ಸಂಚಿಕೆಗೆ ನೀವೂ ಏನಾದರೂ ಬರೆಯಲೇಬೇಕು ಎಂದು ನಮ್ಮ ಕಾರ್ಯದರ್ಶಿಗಳು ಪಟ್ಟು ಹಿಡಿದರು. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ತಿಳಿದಷ್ಟು ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ.

ಗುಜರಾತಿನ ಖೇಡಾ ಜಿಲ್ಲೆಯಲ್ಲಿ 1946ರಲ್ಲಿ ಹುಟ್ಟಿದ ಹಾಲು ಒಕ್ಕೂಟವೇ ಮುಂದೆ ಅಮುಲ್ ಎಂದು ಹೆಸರಾಯಿತು. ಅದರ ಅಧ್ಯಕ್ಷರಾಗಿದ್ದ ತ್ರಿಭುವನದಾಸ್ ಪಟೇಲರು 1970ರ ದಶಕದಲ್ಲಿ ನಿವೃತ್ತರಾದಾಗ ಸದಸ್ಯರು ತಲೆಗೆ ಒಂದೊಂದು ರೂಪಾಯಿ ಹಾಕಿ ಸುಮಾರು ಆರು ಲಕ್ಷದ ನಿಧಿ ಅರ್ಪಿಸಿದರಂತೆ. ಪಟೇಲರು ಆ ದುಡ್ಡನ್ನು ಮನೆಗೆ ಒಯ್ಯಲಿಲ್ಲ. ಹೆಂಗಸರು, ಮಕ್ಕಳ ಆರೋಗ್ಯಕ್ಕೆಂದು ಪ್ರತಿಷ್ಠಾನ ಕಟ್ಟಿದರು. ಡೇರಿ ಇರುವ ಊರಿನ ಹೆಣ್ಣುಮಗಳಿಗೇ ತರಬೇತಿ ಕೊಟ್ಟು ಅದೇ ಊರಿನ ಆರೋಗ್ಯ ಕಾರ್ಯಕರ್ತೆ ಮಾಡಿದರು. ಎಮ್ಮೆಗೆ ಕಾಯಿಲೆ ಬಂದರೆ ಡಾಕ್ಟರನ್ನು ಕಳಿಸುವ ಸಂಘ, ಬಾಣಂತಿಯನ್ನು ಕೇಳದಿದ್ದರೆ ಹೇಗೆ?

ಇದಕ್ಕೂ ಮೊದಲು, 1970ರಲ್ಲಿ, ಮಹಾರಾಷ್ಟ್ರದ ಬರಪೀಡಿತ ಜಾಮ್‌ಖೇಡದಲ್ಲಿ ಡಾಕ್ಟರ್ ದಂಪತಿ ರಜನಿಕಾಂತ್ ಮತ್ತು ಮೇಬೆಲ್ ಆರೋಳೆ ಕೆಲಸ ಶುರು ಮಾಡಿದ್ದರು. ಹೊರಗಿನಿಂದ ಬಂದ ನರ್ಸ್‌ಗಳಿಂದ ಹಳ್ಳಿಗಳ ಕೆಲಸ ಸಾಗಲಿಲ್ಲ. ಆಗ ಊರಿನವರೇ ಆರಿಸಿದ ಹೆಂಗಸರಿಗೆ ಕಲಿಸಿದರು. ಅವರಲ್ಲಿ ಬಹಳ ಮಂದಿ ಅಕ್ಷರ ಬಾರದವರು, ದಲಿತ ಹೆಂಗಸರೂ ಇದ್ದರು. ವಾರ ವಾರ ಬಂದು ಕಲಿತು, ಊರಿಗೆ ಹೋಗಿ ಮನೆ ಮನೆಯಲ್ಲಿ ಹೇಳಿದರು. ಅದೇ ಕೆಲಸಕ್ಕೆ 1979ರಲ್ಲಿ ಆರೋಳೆ ದಂಪತಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2005ರಿಂದ ನಾವು ನೋಡುತ್ತಿರುವ ಆಶಾ ಕಾರ್ಯಕರ್ತೆಯರೂ ಆಯಾ ಊರಿನ ಹೆಣ್ಣುಮಕ್ಕಳೇ.

ಈಗ ನಮ್ಮ ಮಾತಿಗೆ ಬರೋಣ. ನಮ್ಮ ಡೇರಿಯ ಕಾರ್ಯದರ್ಶಿ, ಹಾಲು ಪರೀಕ್ಷಕ ಎಲ್ಲರೂ ನಮ್ಮೂರ ಹುಡುಗರೇ, ತರಬೇತಿ ಪಡೆದು ಬಂದವರು. ಅದಕ್ಕೇ ಡೇರಿ ನಡೆಯುತ್ತಿದೆ. ಆದರೆ ನಿರ್ದೇಶಕರಾದ ನಮಗೆ ಯಾರು ಕಲಿಸಿದರು? ಮೊದಲ ವರ್ಷ ನಾನು ಆಡಿಟ್ ವರದಿ ಓದದೇ ಸಹಿ ಹಾಕಿದ್ದೆ. ಓದಿದ್ದರೂ ಅರ್ಥವಾಗುತ್ತಿರಲಿಲ್ಲ. ಹಾಲು ಕರೆಯುವವರು ಹೆಂಗಸರು, ಸಭೆಯಲ್ಲಿ ಕೂರುವವರು ಗಂಡಸರು. ಆಡಳಿತ ಮಂಡಳಿಯಲ್ಲಿ ಮೂವತ್ತೈದರ ಒಳಗಿನವರು ಒಬ್ಬರೂ ಇಲ್ಲ. ನಾಳೆ ನಾವು ಎದ್ದುಹೋದರೆ ಲೆಕ್ಕದ ಪುಸ್ತಕ ಹಿಡಿಯುವವರು ಯಾರು?

ಇದು ನನ್ನ ಕೋರಿಕೆ: ಬೆಳ್ಳಿಹಬ್ಬದಲ್ಲಿ ಉಳಿದ ಹಣವನ್ನು ಪೆಂಡಾಲಿಗೆ, ಹಾರ ತುರಾಯಿಗೆ ಸುರಿಯುವುದು ಬೇಡ. ಐವರು ಯುವಕ ಯುವತಿಯರನ್ನು ಆರಿಸಿ ಸಹಕಾರ ತರಬೇತಿಗೆ ಕಳಿಸೋಣ. ಅವರಲ್ಲಿ ಇಬ್ಬರಾದರೂ ಹೆಣ್ಣುಮಕ್ಕಳಿರಲಿ. ಈ ಸಲದ ಮಹಾಸಭೆಯಲ್ಲಿ ನಾನೇ ಈ ವಿಷಯ ಮಂಡಿಸುತ್ತೇನೆ. ಕೈ ಎತ್ತುವ ಹೊಣೆ ನಿಮ್ಮದು.